ತಲೆ ಲೆಕ್ಕ

ಬೈತಖೋಲದ ಗುಡ್ಡದ ಬುಡದಲ್ಲಿ
ನಮ್ಮ ಶೆಟ್ಲಿ ಫ್ಯಾಕ್ಟರಿ. ನಾನಲ್ಲಿ ಗುಮಾಸ್ತ.
ನೂರಾ ಹನ್ನೆರಡು ಹೆಂಗಸರು ಸುಲಿದದ್ದನ್ನು
ತೂಗಿ, ಬರೆದು, ಪೆಟ್ಟಿಗೆಗೆ ನಂಬರು ಹಚ್ಚುವವ.

ಕಿಲೋ ಸುಲಿದರೆ ಹದಿನೆಂಟು ರೂಪಾಯಿ.
ಅದೇ ಕಿಲೋ ಪೇಟೆಯಲ್ಲಿ ನಾನೂರೈವತ್ತು.
ಈ ಎರಡು ಅಂಕಿಗಳ ನಡುವೆ
ಒಂದು ಹಡಗು ಆರಾಮಾಗಿ ಹಾಯುತ್ತದೆ.
ಹಾಯುತ್ತಲೇ ಇತ್ತು, ಹೋದ ಬುಧವಾರದವರೆಗೆ.

ಬುಧವಾರ ಫೋನು ಬಂತು: ಅತ್ತ ಕಡೆ ಸುಂಕ ಏರಿದೆ.
ನಮ್ಮ ಎರಡು ಕಂಟೇನರು ಮಂಗಳೂರಿನಲ್ಲೇ ನಿಂತಿವೆ,
ಕರೆಂಟು ಹಚ್ಚಿಕೊಂಡು, ಗುಂಯ್ ಎನ್ನುತ್ತ.
ಸಾವ್ಕಾರರು ಟಿ.ವಿ. ಆರಿಸಿ ಅಂದರು,
"ಎರಡು ದೇಶದ ಜಗಳ. ನಾವೇನು ಮಾಡೋಣ."
ಸುಂಕದವನ ಮುಂದೆ ಸುಖದುಃಖ ಹೇಳಬಾರದು, ಗಾದೆಯೇ ಇದೆ;
ಅಷ್ಟು ದೂರದ ಸುಂಕದವನಿಗೆ ಕೂಗಿದರೂ ಕೇಳದು.

ಮಾಳಸಾ ತಾಂಡೇಲ ಮಾತ್ರ ಕೈಗವಸು ಕಳಚಿ
ನೆನೆದು ಬಿಳಿಚಿದ ಬೆರಳಿಗೆ ಬಾಯಿಯ ಬಿಸಿ ಊದುತ್ತ ಕೇಳಿದಳು:
"ಅವರು ಬೇಡ ಅಂದರೆ ಇಲ್ಲೇ ಮಾರಿ.
ಕಾರವಾರಕ್ಕೆ ಬಾಯಿಲ್ಲವೇ?"

ಇದೆ ಮಾಳಸಾ. ಬಾಯಿಗೇನು ಬರ?
ಆ ರಾತ್ರಿ ರಿಜಿಸ್ಟರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ.
ನೂರಾ ಹನ್ನೆರಡು ಮನೆ, ಮನೆಗೆ ಭಾನುವಾರ ಒಂದು ಕಿಲೋ,
ಹಾಗೇ ಮಾಜಾಳಿ, ಚೆಂಡಿಯಾ, ಬೇಲೆಕೇರಿ,
ಗಜನಿಯಲ್ಲಿ ಹೊಂಡ ತೋಡಿದವರು, ಬಲೆ ಹೆಣೆದವರು, ಐಸು ಒಡೆದವರು:
ಎರಡು ಕಂಟೇನರು ಎರಡೇ ಭಾನುವಾರದ ಮಾತು.
ಆದರೆ ಒಂದು ಕಿಲೋ ಕೊಳ್ಳಲು ಅವಳು
ಇಪ್ಪತ್ತೈದು ಕಿಲೋ ಸುಲಿಯಬೇಕು.
ಇಡೀ ದಿನ, ಮೇಲೊಂದು ತಾಸು.

ಸಾವ್ಕಾರರೊಬ್ಬರ ಹೊಟ್ಟೆಗೆ ಎಷ್ಟು ಶೆಟ್ಲಿ?
ಅವರಿಗೆ ಸಕ್ಕರೆ ಕಾಯಿಲೆ; ವಾರಕ್ಕೆ ಆರು, ಅದೂ ಎಣ್ಣೆಯಿಲ್ಲದೆ.
ಉಂಡು ಉಳಿದದ್ದು ಪಣಜಿಯಲ್ಲಿ ಗೋಡೆಯಾಯಿತು,
ಇನ್ನೂ ಉಳಿದದ್ದು ಬ್ಯಾಂಕಿನಿಂದ ಬ್ಯಾಂಕಿಗೆ ಹಾರಿ
ಸಾಲವಾಗಿ ಅಲ್ಲಿಯವರ ತಟ್ಟೆಯ ಕೆಳಗೆ ಕೂತಿತು.
ಇವಳು ಉಣ್ಣದ್ದನ್ನು
ಇವಳಿಗೆ ಕೊಡದ ದುಡ್ಡಿನಲ್ಲಿ ಅವರು ಉಣ್ಣುತ್ತಾರೆ.

ಅಲ್ಲಿಯೂ ಒಬ್ಬ ಇದ್ದಾನು, ದೋಣಿ ಕಟ್ಟಿ ದಡದಲ್ಲಿ ಕೂತವ.
ನಮ್ಮ ಅಗ್ಗದ ಪೆಟ್ಟಿಗೆ ಅವನ ಬಲೆಯನ್ನು ಅಟ್ಟಕ್ಕೇರಿಸಿತು,
ಅವನ ಸಿಟ್ಟು ಸುಂಕವಾಯಿತು.
ಯಾರ ಮೇಲೆ ಸಿಟ್ಟಾಗಲಿ ಎಂದು ಅವನು ಕೇಳಿದಾಗ
ಅವನ ಊರಿನ ಸಾವ್ಕಾರ ಸಮುದ್ರದ ಕಡೆ ಕೈ ತೋರಿಸಿದ.
ನಮ್ಮವರೂ ಅಷ್ಟೇ.
ಸಮುದ್ರ ಎಷ್ಟು ಅನುಕೂಲ, ಬೆರಳು ಮಾಡಲಿಕ್ಕೆ.

ಶನಿವಾರ ಅರವತ್ತು ಮಂದಿಗೆ ಬರಬೇಡಿ ಅಂದೆವು.
ಅಂದೆವು ಏನು, ಹೆಸರು ಓದಿದವ ನಾನೇ.
ಮಾಳಸಾ ಸಿಪ್ಪೆಯ ಬುಟ್ಟಿಯಿಂದ ತಲೆಗಳನ್ನಷ್ಟೇ ಆರಿಸಿ
ಡಬ್ಬಿಗೆ ತುಂಬಿಕೊಂಡಳು, ಸಾರಿಗೆ.
"ತಲೆಗೇನೂ ಸುಂಕ ಇಲ್ಲವಲ್ಲ?"

ಸರ್ಕಾರದ ಪುಸ್ತಕದಲ್ಲಿ ತಲಾ ಆದಾಯ ಅಂತ ಒಂದಿದೆ,
ಸಾವ್ಕಾರರ ತಲೆ, ಇವಳ ತಲೆ ಕೂಡಿಸಿ ಭಾಗಿಸಿದ್ದು.
ಹೇಳಲಿಲ್ಲ.
ಡಬ್ಬಿಯ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ;
ಮೀಸೆಗಳು ಹೊರಗೆ ಇಣುಕುತ್ತಿದ್ದವು.