ಬಿಡಿಭಾಗ ಬಂದಾಗ ತಿಳಿಸುತ್ತೇವೆ

ನವೆಂಬರಿನಲ್ಲಿ ಬಂತು ಕಾಗದ.
ಕಂಪನಿಯ ಮೊಹರು, ಹೆಸರು ವಿಳಾಸ ಸರಿಯಾಗಿ:
ರೈನೊ ಲಹ್ತಿ, ಹ್ಯಾನ್ಕಾಕ್, ಮಿಷಿಗನ್.
ನಿಮ್ಮ ಕಾರನ್ನು ವಾಪಸ್ ಕರೆಯುತ್ತಿದ್ದೇವೆ.
ಗೇರ್‌ಬಾಕ್ಸಿನ ಒಳಗೊಂದು ಸಣ್ಣ ತಟ್ಟೆ
ಕಚ್ಚಿಕೊಳ್ಳಬೇಕಾದಲ್ಲಿ ಜಾರಬಹುದು.

ಜಾರಬಹುದಂತೆ!
ಆಗಸ್ಟಿನಿಂದಲೇ ನನಗದು ಕೇಳಿತ್ತು:
ಎರಡರಿಂದ ಮೂರಕ್ಕೆ ಏರುವಾಗೊಂದು ಬಿಕ್ಕು,
ಎಂಜಿನ್ನಿನ ದನಿ ಅರ್ಧ ಮೆಟ್ಟಿಲು ಮೇಲೆ ಹಾರಿ
ಕಾಲಿಗೆ ನೆಲ ಸಿಗದೆ ತಡವರಿಸಿ
ಆಮೇಲೆ ಧೊಪ್ಪೆಂದು ಇಳಿಯುತ್ತಿತ್ತು.
ಪಿಯಾನೊ ಶ್ರುತಿ ಮಾಡುವವನ ಕಿವಿ ಇದು,
ಮೂವತ್ತೆಂಟು ವರ್ಷದ ಹೊಟ್ಟೆಪಾಡು.

ಕರೆದವರು ಮನೆಯಲ್ಲಿರಬೇಕು ತಾನೆ?
ತಟ್ಟೆ ಇನ್ನೂ ಬಂದಿಲ್ಲ, ಅಂದಳು ಕೌಂಟರಿನ ಡೋರೀನ್.
ಅದು ಡಿಸೆಂಬರ್.
ಹಡಗಿನಲ್ಲಿದೆ, ಅಂದಳು ಜನವರಿಯಲ್ಲಿ.
ಯಾವ ಹಡಗು, ಅವಳಿಗೂ ಗೊತ್ತಿರಲಿಲ್ಲ.
ಮಾರ್ಚಿನಲ್ಲಿ ಒಂದು ಬಂತು, ಬೇರೆ ಮಾದರಿಯದು,
ಬಿಚ್ಚಿ ನೋಡಿ ಮತ್ತೆ ಸುತ್ತಿಟ್ಟರು.

ಅಲ್ಲಿಯವರೆಗೆ ಓಡಿಸಬಹುದೆ?
ಬೇಡವೆಂದು ಹೇಳಲಾರೆ, ಓಡಿಸಿ ಎಂದೂ ಹೇಳಲಾರೆ.
ಬದಲಿ ಕಾರು?
ಪಟ್ಟಿಯಲ್ಲಿ ನೀವು ಹನ್ನೊಂದನೆಯವರು.
ಬೈದುಬಿಡೋಣವೆಂದರೆ
ಅವಳ ತುಟಿಯೂ ಚಳಿಗೆ ಒಡೆದಿತ್ತು,
ಅವಳ ಕಾರೂ ಅದೇ ವರ್ಷದ್ದು,
ಹಿತ್ತಲ ಸಾಲಿನಲ್ಲಿ, ನನ್ನದರ ಪಕ್ಕದಲ್ಲೇ
ಹಿಮದಡಿ ಎರಡು ದಿಬ್ಬ.
ಆ ಗಾಜಿನ ಬಾಗಿಲ ಮೇಲೆ ಯಾರೂ ಬರೆದಿರಲಿಲ್ಲ,
ಆದರೂ ಓದಿಕೊಂಡೆ ಪ್ರತಿ ಸಲ:
ನಾಳೆ ಬಾ.

ಹಿಮ ಗೋರುವ ಲಾರಿಯ ಎಲ್ಮರ್ ಪೆಲ್ಟೊ
ಹೋದಷ್ಟು ದೂರ ಕರೆದೊಯ್ಯುತ್ತಿದ್ದ,
ಸಲಕರಣೆಯ ಚೀಲ ನನ್ನ ಮಂಡಿಗಳ ನಡುವೆ.
ಕ್ಯಾಲುಮೆಟ್‌ನ ಶಾಲೆ ಆಯಿತು.
ಒಂಟೊನಾಗನ್‌ನ ಚರ್ಚು ಐವತ್ತು ಮೈಲಿ, ಅದು ಅವನ ರಸ್ತೆಯಲ್ಲ.
ಈಸ್ಟರಿಗಾದರೂ ಬರುತ್ತೀರಾ ಎಂದು
ಪಾದ್ರಿ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ.
ಬಿಡಿಭಾಗ ಬರಬೇಕು, ಅನ್ನುತ್ತೇನೆ.

ಫೆಬ್ರವರಿಯ ಒಂದು ಮಧ್ಯಾಹ್ನ, ಲಾರಿಯಮ್‌ನಲ್ಲಿ,
ಹಿಲ್ಯಾ ಟರ್ವೋನೆನ್‌ಳ ಏಳು ವರ್ಷದ ಮೊಮ್ಮಗಳು
ಬಲತುದಿಯ ಕೊನೆಯ ಕೀಲಿ ಒತ್ತಿ
ಇದು ಹುಳಿಯಾಗಿದೆ, ಅಂದಳು.
ನಾನೂ ಒತ್ತಿದೆ.
ಮರಕ್ಕೆ ಮರ ತಾಗಿ ಟಕ್.
ಇನ್ನೊಮ್ಮೆ. ಟಕ್.
ತಂತಿ ಅದುರುವುದು ಬೆರಳಿಗೆ ಗೊತ್ತಾಗುತ್ತಿತ್ತು.

ಹೊಸದೇನಲ್ಲ. ಎರಡು ವರ್ಷದಿಂದ
ಮೇಲಿನ ಏಳು ಕೀಲಿಗಳನ್ನು
ಮಣಿಕಟ್ಟಿನ ನೆನಪಿನಲ್ಲೇ ತಿರುಗಿಸುತ್ತಿದ್ದೇನೆ.
ಅಷ್ಟು ದೂರ ಯಾರು ಹೋಗುತ್ತಾರೆ ಎಂಬ ಧೈರ್ಯ.
ಚರ್ಚಿನ ಹಾಡುಗಳು ನಡುಮನೆಯಲ್ಲೇ ಓಡಾಡುತ್ತವೆ.
ಮಕ್ಕಳು ಮಾತ್ರ ಅಟ್ಟ ಹತ್ತುತ್ತಾರೆ.

ಈಗ ಏಪ್ರಿಲ್.
ಕಾಯುವ ಕೋಣೆಯ ಕಾಫಿ ಅದೇ ಕಹಿ.
ಕಂಪನಿಯ ಕಾಗದ ಮಗುಚಿ ಹಿಂಬದಿಯಲ್ಲಿ ಬರೆಯುತ್ತೇನೆ:
ಪ್ರಿಯ ಗ್ರಾಹಕರೆ,
ಕಳೆದೆರಡು ವರ್ಷದಲ್ಲಿ ನಾನು ಮುಟ್ಟಿದ ಪಿಯಾನೊಗಳಲ್ಲಿ
ಬಲತುದಿಯ ಏಳು ಸ್ವರ ಜಾರಿರಬಹುದು.

ಎಂಥ ಮೆತ್ತನೆಯ ಮಾತು ಈ 'ಬಹುದು',
ಬರೆಯುವ ಕೈಗೆ ಈಗ ತಿಳಿಯಿತು.

ಸದ್ಯಕ್ಕೆ ನುಡಿಸಬಹುದೆ? ಬೇಡವೆಂದು ಹೇಳಲಾರೆ.
ಇಪ್ಪತ್ತಮೂರು ಮನೆ, ನಾಲ್ಕು ಚರ್ಚು, ಶಾಲೆ,
ಮುಚ್ಚಿಹೋದ ಗಣಿಯವರ ಕ್ಲಬ್ಬು.
ಪರಿಹಾರವೇನೆಂದರೆ,
ಪೆನ್ನು ಅಲ್ಲೇ ನಿಂತು ಮಸಿಯ ಚುಕ್ಕೆ ಅಗಲವಾಯಿತು.

ಯಾರೋ ಭುಜ ಮುಟ್ಟಿದರು.
ಡೋರೀನ್. ನಾಲ್ಕು ಸಲ ಕರೆದೆ, ಅಂದಳು.
ತಟ್ಟೆ ಬಂದು ಕೂರಿಸಿಯೂ ಆಯಿತಂತೆ.
ನನ್ನ ಮುಖದ ಮುಂದೆ ಕಾರಿನ ಕೀಲಿಗೊಂಚಲು ಅಲ್ಲಾಡಿಸಿದಳು,
ಅದು ಅಲ್ಲಾಡುವುದು ಚೆನ್ನಾಗಿ ಕಾಣುತ್ತಿತ್ತು.

ಮೂರಕ್ಕೆ ಸಲೀಸಾಗಿ ಹೋಗುತ್ತೆ ಈಗ,
ಅಂದಳು, ಕೇಳಿ ನೋಡಿ.