ಎರಡನೆಯ ಗೋಲಿ

ಗಿರಣಿಯ ತಂಡಕ್ಕೆ ಇಪ್ಪತ್ತೆರಡು ವರ್ಷ ಒಬ್ಬನೇ ಗೋಲಿ,
ಖಲಂದರ್ ಸಾಬ್.
ಸ್ಪಿನ್ನಿಂಗ್ ಖಾತೆ, ಟೋಕನ್ ನಾನೂರ ಹದಿನೇಳು.
ಅದರಲ್ಲಿ ಹನ್ನೊಂದು ವರ್ಷ
ಗೆರೆಯಾಚೆ, ನೀರಿನ ಕೊಡದ ಪಕ್ಕ ಕೂತವನು ನಾನು,
ಕರಿಬಸಪ್ಪ.

ದಾವಣಗೆರೆಯ ಜನ ನೆನಪಿಟ್ಟದ್ದು ಹೊಡೆದವರನ್ನು.
ತಡೆದವನ ಲೆಕ್ಕ ಬೇರೆ.
ಆಗದೇ ಹೋದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಪಾಳಿ ಮುಗಿಸಿ ನೇರ ಬರುತ್ತಿದ್ದ,
ರೆಪ್ಪೆಯ ಮೇಲೆ ಅರಳೆ. ಒರೆಸುತ್ತಿರಲಿಲ್ಲ.
ಎಡಗಂಬ ಮುಟ್ಟಿ, ಬಲಗಂಬ ಮುಟ್ಟಿ,
ಹಿಮ್ಮಡಿಯಿಂದ ನಡುವೆ ಒಂದು ಗೀರು ಎಳೆದು
ನಿಲ್ಲುತ್ತಿದ್ದ, ಬಾಗಿಲಿಲ್ಲದ ಮನೆಗೆ ತಾನೇ ಕದವಾಗಿ.
ಹೈಸ್ಕೂಲು ಮೈದಾನದ ಹುಲ್ಲೆಲ್ಲ ಮೂಲೆಗೆ,
ಗೋಲಿನ ಮುಂದೆ ಬರೀ ಗರಸು.
ಮೊಣಕೈಗೆ ನೂಲಿನ ವೇಸ್ಟು ಸುತ್ತಿ, ಮೇಲೊಂದು ಹರಿದ ಸಾಕ್ಸು.
ಮ್ಯಾನೇಜರು ಒಮ್ಮೆ ಮುಂಬಯಿಯಿಂದ ಕೈಗವಸು ತರಿಸಿಕೊಟ್ಟರು.
ಹಾಕಿ ನೋಡಿ ಬಿಚ್ಚಿಟ್ಟ:
"ಇದ್ರಾಗೆ ಚೆಂಡು ಏನಂತು ಅಂತ ಕೇಳ್ಸಲ್ಲ."

ಭದ್ರಾವತಿಯವರ ಮೇಲೆ ಫೈನಲ್ಲು, ಮೂವತ್ತನೇ ನಿಮಿಷ,
ಅವನ ಕಿರುಬೆರಳು ಮುರಿಯಿತು.
ನಾನು ಎದ್ದೆ.
ಲೇಸು ಬಿಗಿದೆ. ಅಂಗಿ ಸಿಕ್ಕಿಸಿಕೊಂಡೆ.
ದೇವರೇ ಅಂದೆ, ಯಾವುದಕ್ಕೆಂದು ಕೇಳಬೇಡಿ.
ಅವನು ಬೆರಳನ್ನು ಪಕ್ಕದ ಬೆರಳಿಗೆ ಕಟ್ಟಿಸಿಕೊಂಡು
ನನ್ನ ಕಡೆ ನೋಡದೆಯೇ ಕೈ ಬೀಸಿದ: ಕೂತ್ಕೋ.
ಕೂತೆ.
ಆ ಬೆರಳು ಇವತ್ತಿಗೂ ಸೊಟ್ಟ.
ನನ್ನವು ನೆಟ್ಟಗಿವೆ, ಹತ್ತೂ.

ಬಿಟ್ಟ ಗೋಲುಗಳನ್ನು ತಸ್ಬಿ ಎಣಿಸಿದಂತೆ ಹೇಳುತ್ತಿದ್ದ:
ಹುಬ್ಬಳ್ಳಿ ರೈಲ್ವೆಯ ಕುಳ್ಳ, ಎಡಗಾಲು, ನೆಲಮಟ್ಟ.
ಹರಿಹರದ ಉದ್ದನೆಯವನು, ತಲೆ, ಬಿಸಿಲು ಕಣ್ಣಿಗಿತ್ತು.
ನಮ್ಮವನೇ ರುದ್ರಮುನಿ, ದಿಕ್ಕು ತಪ್ಪಿ.
"ಹಿಡಿದವು?" ಅಂದರೆ
"ಹಿಡಿದದ್ದು ಹೋಯ್ತಲ್ಲಪ್ಪ, ವಾಪಸ್ಸು ಆಟಕ್ಕೆ."

ಒಂದು ಸೋಮವಾರ ಸೈರನ್ನು ಕೂಗಲಿಲ್ಲ.
ಗೇಟಿಗೆ ಬೀಗ, ಬೀಗಕ್ಕೆ ಅರಗಿನ ಮುದ್ರೆ.
ಸಂಬಳದ ಮಾತಿನಲ್ಲಿ ತಂಡದ ಮಾತು ಯಾರೂ ಎತ್ತಲಿಲ್ಲ.
ಚೆಂಡು ಯಾರ ಮನೆಯ ಅಟ್ಟ ಸೇರಿತೋ.
ಅವನಿಗೆ ನಲವತ್ತನಾಲ್ಕು. ಅವನು ನಿವೃತ್ತನಾಗಲಿಲ್ಲ,
ನಾನು ಶುರುವಾಗಲಿಲ್ಲ.

ಮಂಡಕ್ಕಿ ಭಟ್ಟಿ ಸೇರಿದ.
ಕಾದ ಮರಳಿನಿಂದ ಎಗರುವ ಅಕ್ಕಿ ಕಾಳುಗಳ ಮುಂದೆ
ಹೊಗೆಗೆ ಕಣ್ಣು ಕಿರಿದು ಮಾಡಿ ನಿಂತಿರುತ್ತಿದ್ದ.
ಸಾವಿರ ಸಾವಿರ ಬಿಳೀ ಚೆಂಡು,
ಒಂದನ್ನೂ ಹಿಡಿಯಬೇಕಿಲ್ಲ.

ಮೊನ್ನೆ ಹಳೇ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ
ಎದುರು ಬದುರು ಕೂತಿದ್ದೆವು, ಅವನ ಗಡ್ಡಕ್ಕೆ ಮೆಹಂದಿ ಬಣ್ಣ.
ಹುಡುಗನ ತಟ್ಟೆಯಿಂದ ಗಾಜಿನ ಲೋಟ ಜಾರಿತು.
ಅವನು ಆ ಕಡೆ ತಿರುಗಲೂ ಇಲ್ಲ,
ನೆಲಕ್ಕೆ ಗೇಣು ಇದೆ ಅನ್ನುವಾಗ ಲೋಟ ಅವನ ಅಂಗೈಯಲ್ಲಿತ್ತು.
ನನ್ನ ಕೈಯೂ ಎದ್ದಿತ್ತು, ಮೇಜಿನ ಅಂಚಿನವರೆಗೆ.
ಮೆಲ್ಲಗೆ ಇಳಿಸಿಕೊಂಡೆ.

"ನೋಡಿದೆ," ಅಂದ,
"ಆವತ್ತೂ ನೋಡಿದ್ದೆ."

ಚಹಾ ಅವನ ಸೊಟ್ಟ ಬೆರಳಿನಿಂದ ತೊಟ್ಟಿಕ್ಕುತ್ತಿತ್ತು.
ಹುಡುಗ ಬಟ್ಟೆ ತರಲು ಓಡಿದ.