ಹಿತ್ತಾಳೆ ಕಿವಿ

ಕೊಂಡವನು ಕಾರಿನ ಹಿಂದಿನ ಸೀಟಿಗೆ ಅದನ್ನು ಕೂರಿಸಿ
ಬೆಲ್ಟು ಬಿಗಿದ, ಮಗುವಿಗೆ ಬಿಗಿಯುವಂತೆ.
ನಾನು ದುಡ್ಡು ಎಣಿಸುತ್ತಿದ್ದೆ.
ಎರಡು ಸಲ ಎಣಿಸಿದೆ. ಸರಿಯಾಗಿತ್ತು.

ಅರ್ಧ ಕಿಲೋ ಹಗುರ, ಹೊಸ ಮಾದರಿ, ಎಂದಿದ್ದ
ಓಲೊಮೊಟ್ಸಿನ ಅಂಗಡಿಯ ಕ್ವಿಡೊ.
"ಅದೇ ಕಾರ್ಖಾನೆ, ಅದೇ ಅಚ್ಚು, ಅವೇ ನಾಲ್ಕು ವಾಲ್ವು.
ನಿಮ್ಮ ಟ್ಯೂಬಾ ಮುದಿಯಾಯಿತು, ಹೊರಲಾರದೆ ಹೊರುತ್ತೀರಿ.
ಅದರ ತಮ್ಮಂದಿರು ಇಲ್ಲಿ ಸಾಲಾಗಿ ಕೂತಿದ್ದಾರೆ, ನೋಡಿ."
ನಲವತ್ತು ವರ್ಷ ಹಿತ್ತಾಳೆಗೆ ತುಟಿ ಕೊಟ್ಟವನ ಕಿವಿ
ಹಿತ್ತಾಳೆಯಾಗದೆ ಇನ್ನೇನಾದೀತು!
ಕೇಳಿದೆ. ನಂಬಿದೆ. ಮಾರಿದೆ.

ಮೊದಲ ತಮ್ಮ ಬಂದ. ಕನ್ನಡಿಯಂಥ ಮೈ,
ಹಲ್ಲುಜ್ಜುವ ನನ್ನ ಮುಖ ಅದರಲ್ಲಿ ಅಗಲಗಲ.
ಮಂದ್ರದ ಎಫ್ ಊದಿದರೆ
ಬಾವಿಗೆ ಕೊಡ ಬಿಟ್ಟು ಹಗ್ಗ ಸಾಲದ ಹಾಗೆ:
ನೀರಿನ ಸದ್ದು ಕೇಳುತ್ತದೆ, ನೀರು ಸಿಗುವುದಿಲ್ಲ.
ತಿಂಗಳಿಗೆ ವಾಪಸು ಕೊಟ್ಟೆ.

ಎರಡನೆಯವನ ನಾಲ್ಕನೇ ವಾಲ್ವು ಸೋಮಾರಿ,
ಬೆರಳು ಹೇಳಿ ಮುಗಿಸಿದ ಮೇಲೆ
'ಏನಂದಿರಿ?' ಎಂದು ತಲೆಯೆತ್ತುತ್ತಿತ್ತು.

ಮೂರನೆಯದು ಹಳೆಯದೇ. ಎಲ್ಲಿಂದಲೋ ಹುಡುಕಿ ತರಿಸಿದ್ದ,
ನನ್ನದರ ಪಕ್ಕದ ನಂಬರು,
ಒಂದೇ ವಾರ ಒಂದೇ ಸುತ್ತಿಗೆಯ ಕೆಳಗೆ
ಬೆನ್ನಿಗೆ ಬೆನ್ನು ಹಚ್ಚಿ ಹುಟ್ಟಿದ್ದು.
ಎರಡೂವರೆ ತಾಸು ಊದಿದೆ. ಕ್ವಿಡೊ ಊಟಕ್ಕೆ ಹೋಗಿ ಬಂದ.
ಶ್ರುತಿ ನೇರ. ತಡೆಯಿಲ್ಲ. ಡಿ ಕೂಡ ಮೇಲಕ್ಕೆ ಜಾರುವುದಿಲ್ಲ.
ನನ್ನದು ಜಾರುತ್ತಿತ್ತು; ತುಟಿಯಲ್ಲೇ ಹಿಡಿದು ಇಳಿಸಬೇಕಿತ್ತು,
ಮೂರನೇ ಗ್ಲಾಸಿನ ಹೊತ್ತಿಗೆ ಬೆಂಚು ಹತ್ತಿದ ನಮ್ಮ ಮಾವನನ್ನು
ಮೆಲ್ಲಗೆ ಇಳಿಸುತ್ತಿದ್ದ ಹಾಗೆ.
ಇದರಲ್ಲಿ ಯಾವ ತಪ್ಪೂ ಇರಲಿಲ್ಲ.
ಹಾಗಾಗಿ ಮನೆಗೆ ತಂದೆ.
ಹಾಗಾಗಿ ಮೂಲೆಯಲ್ಲಿದೆ.

"ಎಲ್ಲ ಒಂದೇ ಥರ ಬೊಂ ಬೊಂ ಅನ್ನುತ್ತವಲ್ಲ" ಎನ್ನುತ್ತಾಳೆ
ಏಪ್ರಿಕಾಟಿನ ಬೀಜ ಬಿಡಿಸುತ್ತ ದ್ರಾಹೊಮೀರಾ.
ಅವಳದೂ ಸುಳ್ಳಲ್ಲ.
ಕುಣಿಯುವವರಿಗೆ ನಾವು ನೆಲ,
ನೆಲವನ್ನು ಯಾರು ಹೆಸರು ಹಿಡಿದು ಕರೆದಾರು?

ಅಕ್ಟೋಬರಿನಲ್ಲಿ ಡೋಲಿನ ಲುಮೀರ್ ಹೋದ.
ನಮ್ಮಲ್ಲಿ ಊದುವವರು ಸಾಲದೆ ಆಚೆ ಊರಿನ ಬ್ಯಾಂಡು ಬಂತು.
ಸ್ಮಶಾನದ ಗೋಡೆಗೆ ಸೈಕಲ್ಲು ಒರಗಿಸುತ್ತಿದ್ದೆ,
ದಟ್ಟ ಮಂಜು, ಯಾರೂ ಕಾಣರು.
ಮೊದಲ ಸ್ವರ ಬಂತು. ಎಫ್.
ಮಂದ್ರದ ಎಫ್.
ಹಗ್ಗ ಸಾಕಾಯಿತು. ಕೊಡ ಮುಳುಗಿತು.
ಸೈಕಲ್ಲು ಬಿತ್ತು.

ಊದುತ್ತಿದ್ದವಳು ಕೊಂಡವನ ಮಗಳು,
ಹತ್ತೊಂಬತ್ತಿರಬಹುದು, ಮೂಗು ಚಳಿಗೆ ಕೆಂಪು.
ಇದೇ ಸ್ಮಶಾನದ ಮೆಟ್ಟಿಲಿಗೆ ತಾಗಿಸಿ ನಾನು ಮಾಡಿದ್ದ ತಗ್ಗನ್ನು
ಎತ್ತಿಸಿದ್ದಾರೆ. ಅಲ್ಲೀಗ ಮೈ ತೀರಾ ನುಣುಪು,
ಯಾರೂ ಎಂದೂ ಅಲ್ಲಿ ಎಡಗೈ ಊರಿಲ್ಲವೆಂಬಂತೆ.
ಆದರೆ ಮೂರನೇ ಸಾಲಿಗೆ ಮುಂಚೆ ಅವಳು
ಉಸಿರು ಸೆಳೆದಳು. ಹಾಳೆಯಲ್ಲಿ ಅಲ್ಲಿ ಜಾಗವಿಲ್ಲ,
ಬ್ಯಾಂಡ್‌ಮಾಸ್ಟರು ಬೈಯುವ ಜಾಗ ಅದು,
ಅದರ ಹೊಟ್ಟೆ ಕೇಳುವುದೇ ಅಲ್ಲಿ, ನನಗೆ ಗೊತ್ತು.
ಗೋಡೆಯ ಪಕ್ಕ ನಿಂತ ನನ್ನ ಪಕ್ಕೆಗಳೂ ಮೇಲೆದ್ದವು,
ಕರೆಯದೆಯೇ.

ಆಮೇಲೆ ಪ್ಲಮ್ಮಿನ ಸಾರಾಯಿ ಹಂಚಿದರು.
"ತಾತ, ನೀವೂ ಊದುತ್ತಿದ್ದಿರಾ?"
ಸ್ವಲ್ಪ, ಎಂದೆ.
"ಇದರ ಮೌತ್‌ಪೀಸ್ ಜೊತೆಗೆ ಬರಲೇ ಇಲ್ಲ.
ಹೊಸದು ಯಾಕೋ ಸರಿಯಾಗಿ ಕೂರುವುದಿಲ್ಲ."
ಕೋಟಿನ ಜೇಬಿನಲ್ಲಿ ನನ್ನ ಮುಷ್ಟಿಯಿತ್ತು,
ಮುಷ್ಟಿಯೊಳಗೆ ಅದಿತ್ತು, ಬೆಚ್ಚಗೆ.
"ಹುಡುಕಿದರೆ ಎಲ್ಲೋ ಸಿಕ್ಕೀತಮ್ಮ" ಎಂದೆ.

ಸೈಕಲ್ಲಿನ ಹ್ಯಾಂಡಲ್ಲು ಸೊಟ್ಟಗಾಗಿತ್ತು.
ಮನೆಯವರೆಗೂ ತಳ್ಳಿಕೊಂಡೇ ಬಂದೆ,
ಒಂದೇ ಕೈಯಲ್ಲಿ.